ಹಳೆ ಮನೆಯ ಸೀಸದ ಬಣ್ಣ: ಪಾಲಿಶ್ ಪೇಪರ್ ಹಿಡಿಯುವ ಮೊದಲು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆ ಮನೆ ಇರುವವರು, ಹೊಸದಾಗಿ ಕೊಂಡವರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಮೊದಲು ಬಾಗಿಲು, ಕಿಟಕಿ ತಿಕ್ಕಿಸುತ್ತಾರೆ. ಧೂಳು ಮನೆಯೆಲ್ಲ ತುಂಬಿದ ಮೇಲೆ "ಈ ಬಣ್ಣದಾಗ ಸೀಸ ಇತ್ತೇನ್ರಿ?" ಅಂತ ಕೇಳುತ್ತಾರೆ. ಸೀಸ ಅಂದರೆ ಲೆಡ್, ದೇಹಕ್ಕೆ ವಿಷ. ಪರೀಕ್ಷೆ ಮೊದಲು ಆಗಬೇಕು, ಕೆಲಸ ಆಮೇಲೆ.

ನಮ್ಮ ಮಾಳಮಡ್ಡಿಯ ಮನೆಯಲ್ಲೂ ಹೀಗೇ ಆಯಿತು. ತೇಗದ ತಲಬಾಗಿಲಿಗೆ ಆರೇಳು ಪದರ ಬಣ್ಣ ಇತ್ತು. ತೆಗೆಸಿ ಪಾಲಿಶ್ ಮಾಡಿಸೋಣ ಅಂದುಕೊಂಡೆವು. ಪೇಂಟರ್ ಮೂರು ದಿನ ಒಣದಾಗಿ ತಿಕ್ಕಿದ. ಬೇಸಿಗೆ ಅದು. ಹಿತ್ತಲಲ್ಲಿ ಶಾವಿಗೆ ಒಣಗಿಸಿದ್ದೆವು, ಪಡಸಾಲೆಯಲ್ಲಿ ಎರಡು ವರ್ಷದ ಮಗಳು ಆಡುತ್ತಿದ್ದಳು. ಸಂಜೆ ಅವಳ ಅಂಗೈ ನೋಡಿದರೆ ಗೆರೆಗಳಲ್ಲಿ ಹಳದಿ ಪುಡಿ ಕೂತಿತ್ತು. ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಮಿತಿಗಿಂತ ಜಾಸ್ತಿ ಬಂತು. ಇಳಿಯಲು ತಿಂಗಳುಗಟ್ಟಲೆ ಹಿಡಿಯಿತು. ಆ ಶಾವಿಗೆಯನ್ನೆಲ್ಲ ಎಸೆದೆವು. ಬೇರೆಯವರ ಮನೆಯಲ್ಲಿ ಹೀಗಾಗಬಾರದು ಅಂತ ಕೆಲಸದ ಕ್ರಮವನ್ನು ಒಂದೊಂದಾಗಿ ಬರೆಯುತ್ತಿದ್ದೇನೆ.

1. ಮನೆಯಲ್ಲಿ ಯಾರ‍್ಯಾರು ಇದ್ದಾರೆ ನೋಡಿ

ಬಣ್ಣದ ಕೆಲಸ ನಡೆಯುತ್ತಿದ್ದರೆ ಈಗಲೇ ನಿಲ್ಲಿಸಿ. ಆರು ವರ್ಷದೊಳಗಿನ ಮಕ್ಕಳು ಅಥವಾ ಬಸುರಿ ಹೆಣ್ಣುಮಗಳು ಮನೆಯಲ್ಲಿದ್ದರೆ, ಎಲ್ಲ ಮುಗಿಯುವವರೆಗೆ ಅವರು ಬೇರೆ ಕಡೆ ಇರಲಿ. ತವರು ಮನೆಯೋ, ಅಕ್ಕನ ಮನೆಯೋ, ಎಲ್ಲಾದರೂ ಸರಿ. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಸಾಲದು.

ಅದೇ ಧೂಳು ಒಳಗೆ ಹೋದರೆ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಸೀಸ ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಇದು ಪೆಟ್ಟು. ಬಸುರಿನಲ್ಲಿ ತಾಯಿಯ ಮೂಳೆಯೊಳಗೆ ಕೂತ ಹಳೆ ಸೀಸವೂ ಹೊರಬಂದು ಕೂಸಿಗೆ ಹೋಗುತ್ತದೆ. ಇಷ್ಟರವರೆಗೆ ಇದ್ದರೆ ಏನೂ ಆಗುವುದಿಲ್ಲ ಅನ್ನುವ ಮಟ್ಟ ಸೀಸಕ್ಕೆ ಇಲ್ಲ.

ಪೇಂಟರ್ ಕಡೆಯಿಂದ ಒಂದು ಮಾತು ಖಂಡಿತ ಬರುತ್ತದೆ: "ಮೂವತ್ತು ವರ್ಷ ತಿಕ್ಕೇವ್ರಿ, ನಮಗೇನೂ ಆಗಿಲ್ಲ." ಅವರ ರಕ್ತವನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ, ಅಷ್ಟೇ. ಹೊಟ್ಟೆನೋವು, ಕೀಲುನೋವು, ಬಿ.ಪಿ. ಬಂದರೆ ವಯಸ್ಸಾಯಿತು ಅಂದುಕೊಂಡಿರುತ್ತಾರೆ. ಅವರ ಬಟ್ಟೆಗೆ ಹತ್ತಿದ ಧೂಳು ಅವರ ಮನೆಯ ಮಕ್ಕಳಿಗೂ ಮುಟ್ಟುತ್ತದೆ. ಅವರ ಜೊತೆ ವಾದ ಬೇಡ. ಕೂರಿಸಿ, ಚಹಾ ಕೊಟ್ಟು, ಸಮಾಧಾನದಿಂದ ತಿಳಿಸಿ ಹೇಳಿ.

2. ಮನೆಯ ವರ್ಷ ಬಿಡಿ, ಬಣ್ಣದ ವರ್ಷ ಕೇಳಿ

ಇಂಟರ್ನೆಟ್‌ನಲ್ಲಿ ಹುಡುಕಿದರೆ "1978ಕ್ಕಿಂತ ಹಳೆ ಮನೆ" ಅಂತ ಎಲ್ಲ ಕಡೆ ಸಿಗುತ್ತದೆ. ಅದು ಅಮೆರಿಕದ ಲೆಕ್ಕ. ಅಲ್ಲಿ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದ ವರ್ಷ ಅದು. ನಮಗೆ ಆ ಲೆಕ್ಕ ಹತ್ತುವುದಿಲ್ಲ.

ನಮ್ಮಲ್ಲಿ ಕೇಂದ್ರ ಸರ್ಕಾರದ ನಿಯಮ ಹೊರಬಿದ್ದದ್ದು 2016ರ ನವೆಂಬರ್‌ನಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ಅದು ಹೇಳುತ್ತದೆ. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಅಳತೆ. ಹಾಗಾಗಿ ವಿದ್ಯಾನಗರದಲ್ಲೋ ನವನಗರದಲ್ಲೋ 2010ರಲ್ಲಿ ಕಟ್ಟಿದ ಮನೆಯ ಗ್ರಿಲ್‌ನಲ್ಲೂ ಸೀಸ ಇರಬಹುದು. ದಾಜಿಬಾನ ಪೇಟೆಯ ನೂರು ವರ್ಷದ ಮನೆಯಲ್ಲಿ ಮಾತ್ರ ಇರುತ್ತದೆ ಅಂತ ತಿಳಿಯಬೇಡಿ. ನಿಯಮ ಬಂದ ಮೇಲೂ ಸಣ್ಣ ತಯಾರಕರ ಕೆಲವು ಬಣ್ಣಗಳಲ್ಲಿ ಮಿತಿಗಿಂತ ಜಾಸ್ತಿ ಸೀಸ ಸಿಕ್ಕಿದೆ. ಈ ನಿಯಮ ಮನೆ ಬಣ್ಣಕ್ಕೆ ಮಾತ್ರ. ಕಾರ್ಖಾನೆ ಬಳಕೆಯ ಬಣ್ಣ ಅದರಲ್ಲಿ ಬರುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಗೇಟಿಗೆ ಯಾವ ಡಬ್ಬಿಯ ಬಣ್ಣ ಹಚ್ಚಿದರು ಅಂತ ಯಾರಿಗೆ ಗೊತ್ತು?

2017ಕ್ಕಿಂತ ಮೊದಲು ಹಚ್ಚಿದ ಎಣ್ಣೆ ಬಣ್ಣ ಒಂದು ಪದರ ಇದ್ದರೂ, ಪರೀಕ್ಷೆ ಆಗುವವರೆಗೆ ಅದರಲ್ಲಿ ಸೀಸ ಇದೆ ಅಂತಲೇ ನಡೆದುಕೊಳ್ಳಿ.

3. ಮನೆ ಸುತ್ತಿ ನೋಡಿ, ಬರೆದುಕೊಳ್ಳಿ

ಬ್ಯಾಟರಿ, ನೋಟ್‌ಬುಕ್, ಪೆನ್ನು ಸಾಕು. ಯಾವುದನ್ನೂ ಕೆರೆಯಬೇಡಿ. ಸುಮ್ನೆ ನೋಡಿ.

ಸುಣ್ಣ ಮತ್ತು ಡಿಸ್ಟೆಂಪರ್ ಹೊಡೆದ ಗೋಡೆಗಳಲ್ಲಿ ಸಾಮಾನ್ಯವಾಗಿ ಚಿಂತೆ ಇಲ್ಲ. ಸೀಸ ಇರುವುದು ಹೆಚ್ಚಾಗಿ ಎಣ್ಣೆ ಬಣ್ಣದಲ್ಲಿ, ಅಂದರೆ ಆಯಿಲ್ ಪೇಂಟ್, ಎನಾಮಲ್‌ಗಳಲ್ಲಿ. ಅದು ಎಲ್ಲೆಲ್ಲಿ ಇರುತ್ತದೆ? ಬಾಗಿಲು, ಕಿಟಕಿ, ಚೌಕಟ್ಟು, ಪಡಸಾಲೆಯ ಕಂಬ, ತೊಲೆ, ಅಟ್ಟದ ಏಣಿ, ಗೋಡೆಯೊಳಗಿನ ಕಪಾಟು, ಕಬ್ಬಿಣದ ಸರಳು, ಗೇಟು. ನಮ್ಮ ಕಡೆ ಗೋಡೆಯ ಕೆಳಗಿನ ಮೂರಡಿಗೆ ಎಣ್ಣೆ ಬಣ್ಣದ ಪಟ್ಟಿ ಹೊಡೆಯುವ ರೂಢಿ ಇದೆ, ಅಲ್ವಾ? ಅದು ಸರಿಯಾಗಿ ಮಗುವಿನ ಕೈ-ಬಾಯಿಯ ಎತ್ತರಕ್ಕೆ ಬರುತ್ತದೆ. ಅದನ್ನು ಬಿಡದೆ ನೋಡಿ.

ಹಳದಿ, ಕಿತ್ತಳೆ, ಹಸಿರು ಬಣ್ಣಗಳ ಮೇಲೆ ಜಾಸ್ತಿ ಅನುಮಾನ ಇರಲಿ. ಹಳದಿಗೆ ಲೆಡ್ ಕ್ರೋಮೇಟ್ ಅನ್ನುವ ಸೀಸದ ಪುಡಿ ಹಾಕುತ್ತಿದ್ದರು. ಅದಕ್ಕೆ ನೀಲಿ ಕೂಡಿಸಿದರೆ ಹಸಿರು. ಹಳೆ ಬಿಳಿ ಬಣ್ಣದಲ್ಲೂ ಸೀಸ ಇರುತ್ತಿತ್ತು. ಬಣ್ಣ ಬೇಗ ಒಣಗಲಿ ಅಂತ ಬೆರೆಸುವ ವಸ್ತುವಿನಲ್ಲೂ ಇರುತ್ತಿತ್ತು. ಹಾಗಾಗಿ ಬಣ್ಣ ಯಾವುದೇ ಇದ್ದರೂ ಪೂರ್ತಿ ನಂಬುವ ಹಾಗಿಲ್ಲ. ಕಬ್ಬಿಣದ ಪ್ರೈಮರ್ ವಿಷಯದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಕಬ್ಬಿಣದ್ದು. ಕಿತ್ತಳೆ ಕಡೆ ವಾಲುವ ರೆಡ್ ಲೆಡ್ ಸೀಸದ್ದು.

ಈಗ ಹೊಸ್ತಿಲ ಹತ್ತಿರ ಕುಳಿತುಕೊಳ್ಳಿ. ಅರಿಷಿಣ-ಕುಂಕುಮ ದಿನಾ ಅಳಿಸಿ ಹೋಗುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಹೊಸ್ತಿಲಿಗೆ ಹಳದಿ ಎಣ್ಣೆ ಬಣ್ಣ ಬಳಿದು, ಮೇಲೆ ಕೆಂಪು-ಬಿಳಿ ಎಳೆ ಬರೆದಿರುತ್ತಾರೆ. ಪ್ರತಿ ಯುಗಾದಿಗೋ ದೀಪಾವಳಿಗೋ ಮತ್ತೊಂದು ಪದರ. ದಿನಕ್ಕೆ ನೂರು ಸಲ ಕಾಲು ಸವರುತ್ತದೆ. ಹೊಸ್ತಿಲ ನಡುಭಾಗ ಸವೆದು ಕಟ್ಟಿಗೆ ಕಾಣುತ್ತಿದ್ದರೆ, ಹೋದ ಬಣ್ಣ ಎಲ್ಲಿ ಹೋಯಿತು ಯೋಚಿಸಿ. ಧೂಳಾಗಿ ಪಡಸಾಲೆಯ ನೆಲದ ಮೇಲೆ ಹರಡಿತು. ಅಂಬೆಗಾಲಿಡುವ ಕೂಸು ಮೊದಲು ದಾಟುವುದು ಅದನ್ನೇ. ಪಟ್ಟಿಯಲ್ಲಿ ಮೊದಲ ಸಾಲು ಹೊಸ್ತಿಲಿಗೆ ಕೊಡಿ.

ತೊಟ್ಟಿಲು ಮರೆಯಬೇಡಿ. ಕಲಘಟಗಿಯ ಬಣ್ಣದ ತೊಟ್ಟಿಲು ಮೂಲದಲ್ಲಿ ಅರಗಿನ ಬಣ್ಣದ್ದು. ಆದರೆ ಅಜ್ಜಿಯ ಕಾಲದ ತೊಟ್ಟಿಲಿಗೆ ನಡುವೆ ಯಾರಾದರೂ ಎಣ್ಣೆ ಬಣ್ಣ ಹೊಡೆದಿರುತ್ತಾರೆ. ಹಲ್ಲು ಬರುವ ಕೂಸು ಅಂಚನ್ನೇ ಕಚ್ಚುತ್ತದೆ. ಸೀಸದ ಬಣ್ಣ ರುಚಿಗೆ ಸಿಹಿ, ಮತ್ತೆ ಕಚ್ಚುತ್ತದೆ. ಪರೀಕ್ಷೆ ಆಗದೆ ಅದರಲ್ಲಿ ಮಗುವನ್ನು ಮಲಗಿಸಬೇಡಿ. ಹಾಗಂತ ಚಿತ್ತಾರದ ತೊಟ್ಟಿಲನ್ನು ತಿಕ್ಕಿ ಹಾಳು ಮಾಡುವುದೂ ಬೇಡ. ಎತ್ತರದಲ್ಲಿ ತೂಗು ಹಾಕಿ, ನೋಡಲಿಕ್ಕೆ ಇರಲಿ.

ಪ್ರತಿ ಜಾಗಕ್ಕೂ ಮೂರು ವಿಷಯ ಬರೆಯಿರಿ: ಬಣ್ಣ ಗಟ್ಟಿ ಇದೆಯೋ ಏಳುತ್ತಿದೆಯೋ, ಉಜ್ಜಾಟ ಇದೆಯೋ ಇಲ್ಲವೋ, ಮಗುವಿನ ಕೈಗೆ ಎಟಕುತ್ತದೆಯೋ ಇಲ್ಲವೋ.

ಎಚ್ಚರಿಕೆಯ ಗುರುತುಗಳು ಇವು. ಬಣ್ಣ ಮೊಸಳೆಯ ಚರ್ಮದ ಹಾಗೆ ಚೌಕ ಚೌಕವಾಗಿ ಬಿರಿದಿದೆ. ಕಿಟಕಿಯ ಕೆಳಗಿನ ತೋಡಿನಲ್ಲಿ ಬಣ್ಣದ ಚೂರು ಮತ್ತು ಪುಡಿ ಕೂತಿದೆ. ಬಾಗಿಲು ಚೌಕಟ್ಟಿಗೆ ಉಜ್ಜಿ ಅಂಚು ಬೋಳಾಗಿದೆ. ಮಳೆಗಾಲದಲ್ಲಿ ಗೋಡೆ ನೆಂದು ಪಟ್ಟಿ ಉಬ್ಬಿದೆ. ಕೈಯಲ್ಲಿ ಸವರಿದರೆ ಹಿಟ್ಟಿನಂತೆ ಹತ್ತುತ್ತದೆ.

4. ಪರೀಕ್ಷೆ ಮಾಡಿಸಿ

ಮೂರು ದಾರಿ ಇವೆ.

ಮೊದಲನೆಯದು ಆನ್‌ಲೈನ್‌ನಲ್ಲಿ ಸಿಗುವ ಕಿಟ್. ಕಡ್ಡಿಯಿಂದ ಉಜ್ಜಿದರೆ, ಸೀಸ ಇದ್ದಲ್ಲಿ ಅದು ಸಾಮಾನ್ಯವಾಗಿ ಕೆಂಪಾಗುತ್ತದೆ. ಕೆಂಪು ಬಣ್ಣದ ಮೇಲೆ ಉಜ್ಜಿದರೆ ಆ ಬಣ್ಣವೇ ಕಡ್ಡಿಗೆ ಹತ್ತಿ ಮೋಸ ಮಾಡುತ್ತದೆ. ಮೇಲಿನ ಪದರ ಮಾತ್ರ ಮುಟ್ಟಿದರೆ ಒಳಗಿನದು ತಿಳಿಯುವುದಿಲ್ಲ. "ಇದೆ" ಅಂತ ಬಂದರೆ ಎಚ್ಚರಾಗಿ. "ಇಲ್ಲ" ಅಂತ ಬಂದರೆ ಮಾತ್ರ ಅದನ್ನೇ ನಂಬಿ ತಿಕ್ಕಲು ಶುರು ಮಾಡಬೇಡಿ.

ಎರಡನೆಯದು ಲ್ಯಾಬ್. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಎನ್‌ಎಬಿಎಲ್ (ಲ್ಯಾಬ್ ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಮೊದಲು ಫೋನ್ ಮಾಡಿ, "ಒಣಗಿದ ಬಣ್ಣದಲ್ಲಿ ತೂಕದ ಲೆಕ್ಕದಲ್ಲಿ ಸೀಸ ನೋಡುತ್ತೀರಾ, ಎಷ್ಟು ಮಾದರಿ ಬೇಕು?" ಅಂತ ಕೇಳಿ. ಊರಿನಲ್ಲಿ ಇಲ್ಲದಿದ್ದರೂ ತೊಂದರೆ ಇಲ್ಲ, ಮಾದರಿ ಕೊರಿಯರ್‌ನಲ್ಲಿ ಹೋಗುತ್ತದೆ.

ಮಾದರಿ ತೆಗೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ಕೈಗವಸು ಹಾಕಿ. ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ. ಜಾಗಕ್ಕೆ ನೀರು ಚಿಮುಕಿಸಿ. ಚೂಪಾದ ಚಾಕುವಿನಿಂದ ಸುಮಾರು ಐದು ಸೆಂಟಿಮೀಟರ್ ಚೌಕ ಗೀರಿ, ಕಟ್ಟಿಗೆ ಕಾಣುವವರೆಗೆ ಎಲ್ಲ ಪದರ ಬರುವಂತೆ ಎಬ್ಬಿಸಿ. ಆಗ ಚಾಕುವಿನ ತುದಿಯಲ್ಲಿ ಮನೆಯ ಇತಿಹಾಸವೇ ಕಾಣುತ್ತದೆ. ನಮ್ಮ ಬಾಗಿಲಿನ ಚೂರಿನಲ್ಲಿ ಮೇಲೆ ಚಾಕೊಲೇಟ್, ಆಮೇಲೆ ನೀಲಿ, ಮತ್ತೆ ಚಾಕೊಲೇಟ್, ಹಸಿರು, ಕೆನೆ ಬಣ್ಣ, ಎಲ್ಲಕ್ಕೂ ಕೆಳಗೆ ಅಚ್ಚ ಹಳದಿ ಇತ್ತು. ಮೇಲಿನ ಎರಡು ಪದರ ಮಾತ್ರ ಕಳಿಸಿದ್ದರೆ ವರದಿ ತಪ್ಪಾಗುತ್ತಿತ್ತು. ಕಟ್ಟಿಗೆಯ ಸಿಬಿರು ಮಾದರಿಯಲ್ಲಿ ಸೇರಬಾರದು. ಸೇರಿದರೆ ಸೀಸ ಕಡಿಮೆ ತೋರಿಸುತ್ತದೆ. ಒಂದು ಜಾಗಕ್ಕೆ ಒಂದು ಜಿಪ್ ಚೀಲ, ಮೇಲೆ ಹೆಸರು. ಬಾಗಿಲು, ಗ್ರಿಲ್, ಪಟ್ಟಿ ಎಲ್ಲ ಒಂದೇ ಚೀಲಕ್ಕೆ ಹಾಕಿದರೆ ಯಾವುದರಲ್ಲಿ ಸೀಸ ಇದೆ ಅಂತ ಗೊತ್ತೇ ಆಗುವುದಿಲ್ಲ. ಗೀರಿದ ಜಾಗಕ್ಕೆ ಹೊಸ ಬಣ್ಣ ಹಚ್ಚಿ ಮುಚ್ಚಿ.

ವರದಿ ಓದುವಾಗ ಅಳತೆ ನೋಡಿ. ಒಂದು ಕಿಲೋಗೆ ಮಿಲಿಗ್ರಾಂ ಅಂದರೂ ಪಿಪಿಎಂ ಅಂದರೂ ಒಂದೇ. ಶೇಕಡ ಲೆಕ್ಕದಲ್ಲಿ ಕೊಟ್ಟಿದ್ದರೆ, ಶೇಕಡ 1 ಅಂದರೆ 10,000 ಪಿಪಿಎಂ. "0.5 ಬಂದಿದೆ, ಕಡಿಮೆ ಇದೆ" ಅಂತ ಸಮಾಧಾನಪಟ್ಟವರನ್ನು ನೋಡಿದ್ದೇನೆ. ಅದು ಶೇಕಡ 0.5, ಅಂದರೆ 5000 ಪಿಪಿಎಂ. ಹಳೆ ಬಣ್ಣವನ್ನು ಸೀಸದ ಬಣ್ಣ ಅಂತ ಅಮೆರಿಕದಲ್ಲಿ ಗುರುತಿಸುವುದು ಆ ಮಟ್ಟದಿಂದಲೇ. ಅದಕ್ಕಿಂತ ಕಡಿಮೆ ಇದ್ದರೂ 90 ದಾಟಿದ್ದರೆ ಒಣದಾಗಿ ತಿಕ್ಕುವ ಮಾತೇ ಬೇಡ.

ಮೂರನೆಯದು ಎಕ್ಸ್‌ಆರ್‌ಎಫ್ ಯಂತ್ರ. ಎಕ್ಸ್-ರೇ ಹಾಯಿಸಿ, ಬಣ್ಣ ಕೆರೆಯದೆ ಒಳಪದರದ ಸೀಸವನ್ನೂ ತೋರಿಸುತ್ತದೆ. ಬಂಗಾರಕ್ಕೆ ಹಾಲ್‌ಮಾರ್ಕ್ ಹಾಕುವ ಕಡೆ ಇಂಥದೇ ಯಂತ್ರ ಇರುತ್ತದೆ, ಆದರೆ ಅದನ್ನು ಹೊಂದಿಸಿರುವುದು ಬಂಗಾರ ಅಳೆಯಲಿಕ್ಕೆ. ಅಲ್ಲಿಗೆ ಬಣ್ಣದ ಚೂರು ಒಯ್ದು ಬಂದ ಅಂಕಿಯನ್ನು ನಂಬಬೇಡಿ.

5. ಬಿಡಬೇಕೋ, ಮುಚ್ಚಬೇಕೋ, ತೆಗೆಯಬೇಕೋ

ಸೀಸ ಇದೆ ಅಂತ ಗೊತ್ತಾದ ಕೂಡಲೇ ಎಲ್ಲ ಕಿತ್ತು ಹಾಕಬೇಕಿಲ್ಲ. ಗಟ್ಟಿಯಾಗಿ ಕೂತ ಬಣ್ಣ ಸುಮ್ಮನೆ ಇರುವಷ್ಟು ಕಾಲ ಅಪಾಯ ಕಡಿಮೆ. ಅದನ್ನು ಧೂಳು ಮಾಡಿದಾಗಲೇ ವಿಷ ಹರಡುತ್ತದೆ.

ಎತ್ತರದ ತೊಲೆ, ಗಟ್ಟಿ ಬಣ್ಣದ ಕಂಬ: ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮೇಲೆ ಹೊಸ ಬಣ್ಣದ ಎರಡು ಕೋಟ್ ಕೊಡಿ. ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಅಂತ ಅಚ್ಚಾಗಿದೆಯಾ ನೋಡಿ.

ಗೋಡೆಯ ಪಟ್ಟಿ: ಉಬ್ಬಿದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ ನಿಲ್ಲಿಸಿ. ಇಲ್ಲದಿದ್ದರೆ ಏನು ಮಾಡಿದರೂ ಒಂದೇ ಮಳೆಗಾಲದಲ್ಲಿ ಏಳುತ್ತದೆ. ಆಮೇಲೆ ಟೈಲ್ಸ್ ಅಥವಾ ಶೀಟ್ ಹಾಕಿ ಮುಚ್ಚುವುದು ಒಳ್ಳೆಯದು. ಟೈಲ್ಸ್ ಹಿಡಿಯಲಿ ಅಂತ ಗೋಡೆಗೆ ಕಚ್ಚು ಹೊಡೆಯುವುದು ಬೇಡ, ಅದೂ ಧೂಳೇ.

ಹೊಸ್ತಿಲು: ಬಣ್ಣ ತೆಗೆಯುವುದಕ್ಕಿಂತ ಹಿತ್ತಾಳೆ ಅಥವಾ ಸ್ಟೀಲ್ ತಗಡು ಹೊದಿಸುವುದು ವಾಸಿ. ಅಳತೆ ಕೊಟ್ಟರೆ ಮಾಡಿ ಕೊಡುತ್ತಾರೆ. ಪಕ್ಕದ ಸಂದಿಗೆ ಸಿಲಿಕೋನ್ ತುಂಬಿಸಿ. ಅದರ ಮೇಲೆ ದಿನವೂ ಅರಿಷಿಣ-ಕುಂಕುಮ ಹಚ್ಚಬಹುದು, ಒರೆಸುವುದೂ ಸುಲಭ.

ಉಜ್ಜುವ ಬಾಗಿಲು, ಕಿಟಕಿ: ಇವಕ್ಕೆ ಬಣ್ಣದ ಮೇಲೆ ಬಣ್ಣ ಹಚ್ಚಿ ಪ್ರಯೋಜನ ಇಲ್ಲ, ಮತ್ತೆ ಸವೆಯುತ್ತವೆ. ಬಿಜಾಗರಿ ಸರಿ ಮಾಡಿಸಿ ಉಜ್ಜಾಟ ನಿಲ್ಲಿಸಿ. ಉಜ್ಜುವ ಅಂಚಿನ ಬಣ್ಣವನ್ನಷ್ಟೇ ಒದ್ದೆಯಾಗಿ ತೆಗೆಯಿರಿ. ಹುಳ ಹತ್ತಿದ ಕಿಟಕಿಯಾದರೆ ಬದಲಿಸುವುದೇ ಅಗ್ಗ.

ಪೂರ್ತಿ ಬಣ್ಣ ತೆಗೆದು ತೇಗದ ಗೆರೆ ಕಾಣಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಚಿಕ್ಕ ಮಕ್ಕಳಿದ್ದರೆ ಆ ಆಸೆಯನ್ನು ಕೆಲವು ವರ್ಷ ಮುಂದೂಡಿ. ಮಾಡಲೇಬೇಕಿದ್ದರೆ ಬಾಗಿಲನ್ನು ಬಿಚ್ಚಿ ಮನೆಯಿಂದ ಹೊರಗೆ ಸಾಗಿಸಿ ಮಾಡಿಸಿ.

6. ಸಾಮಾನು ಹೊಂದಿಸಿ, ಕೋಣೆ ಕಟ್ಟಿ

ಬೇಕಾದ ಸಾಮಾನು: ದಪ್ಪ ಪ್ಲಾಸ್ಟಿಕ್ ಹಾಳೆ, ಅಗಲ ಟೇಪು, ಇಸ್ತ್ರಿಗೆ ನೀರು ಚಿಮುಕಿಸುವಂಥ ಸ್ಪ್ರೇ ಬಾಟಲಿ, ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಪಾಲಿಶ್ ಪೇಪರ್), ಕೈ ಪಟ್ಟಿ (ಬಣ್ಣ ಕೆರೆಯುವ ತಗಡಿನ ಪಟ್ಟಿ), ಕೈಗವಸು, ಕಣ್ಣಿಗೆ ಗಾಗಲ್, ಪಿ100 ಅನ್ನುವ ಸಣ್ಣ ಧೂಳು ತಡೆಯುವ ಫಿಲ್ಟರ್ ಇರುವ ಅರ್ಧ ಮುಖದ ಮಾಸ್ಕ್, ಎರಡು ಬಕೆಟ್, ಡಿಟರ್ಜೆಂಟ್, ಎಸೆಯಲು ಹಳೆ ಬಟ್ಟೆ, ದಪ್ಪ ಕಸದ ಚೀಲ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಾಡಿಗೆಗೆ ಸಿಕ್ಕರೆ ಬಹಳ ಒಳ್ಳೆಯದು. ಮನೆಯ ಸಾದಾ ವ್ಯಾಕ್ಯೂಮ್ ಬಳಸಬೇಡಿ. ಅದು ಹಿಂದಿನಿಂದ ಸಣ್ಣ ಧೂಳನ್ನು ಊದುತ್ತದೆ. ಕರವಸ್ತ್ರ, ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ.

ಮೊದಲು ದಿನ ಗೊತ್ತು ಮಾಡಿ. ಕೆಲಸ ಪೂರ್ತಿ ನೀರಿನ ಮೇಲೆ ನಡೆಯುತ್ತದೆ. ನಮ್ಮ ಅವಳಿ ನಗರದ ಬಹಳ ವಾರ್ಡುಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ನೀರು ಬಂದ ಮರುದಿನ ಕೆಲಸ ಇಟ್ಟುಕೊಳ್ಳಿ. ತುಂಬಿಟ್ಟ ಡ್ರಮ್ಮು, ಕೊಡ, ಹಂಡೆಗಳನ್ನು ಬೇರೆ ಕಡೆ ಸರಿಸಿ ಮುಚ್ಚಿ. ಜೋಳ, ಅಕ್ಕಿ ಚೀಲಗಳನ್ನೂ ಅಷ್ಟೇ. ಗಾಳಿ ಜೋರಾಗಿರುವ ದಿನ ಹೊರಗಿನ ಕೆಲಸ ಬೇಡ.

ನಂತರ ಕೋಣೆ ಖಾಲಿ ಮಾಡಿ. ಹಾಸಿಗೆ, ಬಟ್ಟೆ, ಆಟಿಕೆ, ದೇವರ ಸಾಮಾನು ಎಲ್ಲ ಹೊರಗೆ. ಕೆಲಸದ ಜಾಗದ ಸುತ್ತ ಕನಿಷ್ಠ ಆರು ಅಡಿ ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಅಂಚಿಗೆ ಟೇಪು ಹೊಡೆಯಿರಿ. ಹೊರಗಡೆಯಾದರೆ ಹತ್ತು ಅಡಿ. ಫ್ಯಾನ್, ಕೂಲರ್ ಬಂದ್. ಉಳಿದ ಬಾಗಿಲುಗಳಿಗೆ ಪ್ಲಾಸ್ಟಿಕ್ ಪರದೆ.

ಹೊಲದ ತಾಡಪತ್ರಿಯನ್ನು ಇದಕ್ಕೆ ತರಬೇಡಿ. ಸುಲಭವಾಗಿ ಕೈಗೆ ಸಿಗುತ್ತದೆ, ನಿಜ. ಆದರೆ ಅದೇ ತಾಡಪತ್ರಿ ಮುಂದಿನ ಸುಗ್ಗಿಗೆ ಕಣಕ್ಕೆ ಹೋಗುತ್ತದೆ. ಹಾವೇರಿ, ಬ್ಯಾಡಗಿ ಕಡೆ ಮೆಣಸಿನಕಾಯಿ, ನಮ್ಮ ಕಡೆ ಜೋಳ, ಶೇಂಗಾ ಅದರ ಮೇಲೇ ಒಣಗುತ್ತವೆ. ತೊಳೆದರೂ ಎಳೆಗಳ ನಡುವೆ ಸೀಸ ಉಳಿಯುತ್ತದೆ.

7. ಒದ್ದೆಯಾಗಿಯೇ ಕೆಲಸ ಮಾಡಿ

ಒಂದು ಅಡಿ ಜಾಗಕ್ಕೆ ನೀರು ಚಿಮುಕಿಸಿ, ಒಂದು ನಿಮಿಷ ಬಿಡಿ. ಎದ್ದ ಬಣ್ಣವನ್ನು ಪಟ್ಟಿಯಿಂದ ಮೆಲ್ಲಗೆ ಕೆರೆಯಿರಿ. ಮತ್ತೆ ನೀರು. ಅಂಚನ್ನು ವಾಟರ್ ಪೇಪರ್‌ನಿಂದ ಒದ್ದೆಯಾಗಿ ಸಮ ಮಾಡಿ. ಬಂದದ್ದು ರಾಡಿಯ ಹಾಗಿರಬೇಕು, ಪುಡಿಯ ಹಾಗಲ್ಲ. ಬಿಸಿಲಿನ ಕಿರಣದಲ್ಲಿ ಧೂಳು ತೇಲುವುದು ಕಂಡರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ. ಪ್ಲಗ್, ಸ್ವಿಚ್ ಹತ್ತಿರ ಮೇನ್ ಆಫ್ ಮಾಡಿ, ಸ್ಪ್ರೇ ಬದಲು ಒದ್ದೆ ಬಟ್ಟೆ ಬಳಸಿ.

ಈ ಮೂರನ್ನು ಯಾರು ಹೇಳಿದರೂ ಒಪ್ಪಬೇಡಿ. ಒಂದು, ಗ್ರೈಂಡರ್‌ಗೆ ತಿಕ್ಕುವ ಡಿಸ್ಕ್ ಹಾಕುವುದು. ಹತ್ತು ನಿಮಿಷದಲ್ಲಿ ಮನೆಯೆಲ್ಲ ಹಾಳಾಗುತ್ತದೆ. ಎರಡು, ಬ್ಲೋ ಲ್ಯಾಂಪ್‌ನಿಂದ ಬಣ್ಣ ಸುಡುವುದು. ಬಿಸಿ ಜಾಸ್ತಿಯಾದರೆ ಸೀಸ ಹೊಗೆಯಾಗಿ ನೇರ ಪುಪ್ಪುಸಕ್ಕೆ ಹೋಗುತ್ತದೆ. ಮೂರು, "ಸ್ವಲ್ಪ ಒಣದಾಗಿ ತಿಕ್ಕಿ ಬಿಡ್ತೀನ್ರಿ, ಒದ್ದಿ ಮಾಡಿದ್ರ ಬಣ್ಣ ಹಿಡಿಯೂದಿಲ್ಲ" ಅನ್ನುವುದು. ಒದ್ದೆಯಾಗಿ ಸಮ ಮಾಡಿ, ಎರಡು ದಿನ ಚೆನ್ನಾಗಿ ಒಣಗಿಸಿದರೆ ಪ್ರೈಮರ್ ಹಿಡಿಯುತ್ತದೆ.

ಪೇಂಟ್ ರಿಮೂವರ್ ಬಳಸುವುದಾದರೆ ಬಯಲಿನಲ್ಲಿ ಮಾತ್ರ. ಕೆಲವು ಡಬ್ಬಿಗಳಲ್ಲಿರುವ ಮೆಥಿಲೀನ್ ಕ್ಲೋರೈಡ್ ಆವಿ ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯಬಲ್ಲದು. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ತೇಗವನ್ನೂ ಕಪ್ಪಾಗಿಸುತ್ತದೆ. ರಿಮೂವರ್ ಹಾಕಿದ ಮೇಲೂ ಕಟ್ಟಿಗೆಯ ಗೆರೆಯೊಳಗೆ ಸೀಸ ಉಳಿದಿರುತ್ತದೆ. ಹಾಗಾಗಿ ಕೊನೆಯ ಪಾಲಿಶ್ ಪೇಪರ್ ಕೆಲಸವೂ ಒದ್ದೆಯಾಗಿಯೇ ನಡೆಯಬೇಕು.

ಕೆಲಸದ ಜಾಗದಲ್ಲಿ ಚಹಾ, ಎಲೆ-ಅಡಿಕೆ, ಬೀಡಿ, ಗುಟ್ಕಾ ಬೇಡ. ಕೈಗೆ ಹತ್ತಿದ್ದು ಬಾಯಿಗೆ ಹೋಗುವ ದಾರಿಯೇ ಅದು. ಹೊರಗೆ ಬರುವಾಗ ಚಪ್ಪಲಿ ಅಲ್ಲೇ ಬಿಡಿ. ಬಟ್ಟೆ ಬದಲಿಸಿ, ಕೈ-ಮುಖ ಸಾಬೂನಿನಿಂದ ತೊಳೆಯಿರಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ.

8. ಒರೆಸುವುದು, ಕಸ ಕಳಿಸುವುದು

ಕಸಬರಿಗೆ ಮುಟ್ಟಬೇಡಿ. ಮೊದಲು ಪ್ಲಾಸ್ಟಿಕ್ ಮೇಲೆ ನೀರು ಚಿಮುಕಿಸಿ, ಕೊಳೆ ಒಳಗೆ ಸಿಗುವಂತೆ ಮಡಚಿ ಚೀಲಕ್ಕೆ ಹಾಕಿ ಟೇಪು ಹೊಡೆಯಿರಿ. ಆಮೇಲೆ ಗೋಡೆ, ಕಿಟಕಿಯ ತೋಡು, ಕೊನೆಗೆ ನೆಲ, ಹೀಗೆ ಮೇಲಿನಿಂದ ಕೆಳಗೆ ಒರೆಸಿ. ಒಂದು ಬಕೆಟ್‌ನಲ್ಲಿ ಡಿಟರ್ಜೆಂಟ್ ನೀರು, ಇನ್ನೊಂದರಲ್ಲಿ ಬಟ್ಟೆ ಹಿಂಡುವ ನೀರು. ಹಿಂಡುವ ನೀರು ಕೋಣೆಗೊಮ್ಮೆಯಾದರೂ ಬದಲಿಸಿ, ಇಲ್ಲದಿದ್ದರೆ ಕೊಳೆಯನ್ನೇ ಹರಡಿದಂತಾಗುತ್ತದೆ. ಮರುದಿನ ಇನ್ನೊಮ್ಮೆ ಒರೆಸಿ. ತೇಲುತ್ತಿದ್ದ ಧೂಳು ಅಷ್ಟರಲ್ಲಿ ಕೆಳಗಿಳಿದಿರುತ್ತದೆ. ಹಿಂಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಸಂಡಾಸಿಗೆ ಸುರಿಯಿರಿ. ಹಿತ್ತಲಿಗೆ, ಗಿಡಕ್ಕೆ, ಗಟಾರಕ್ಕೆ ಬೇಡ.

ತೆಗೆದ ಹಳೆ ಕಟ್ಟಿಗೆಯ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಬಚ್ಚಲ ಒಲೆಗೆ ಹಾಕಬೇಡಿ. ಸೀಸ ಹೊಗೆಯಲ್ಲಿ ಸ್ವಲ್ಪ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವ, ಗಿಡಕ್ಕೆ ಹಾಕುವ ಮನೆಗಳು ಇನ್ನೂ ಇವೆ. ಹೋಳಿಯ ಹೊತ್ತಿಗೆ ಕಾಮಣ್ಣನ ಕಟ್ಟಿಗೆ ಕೇಳಿಕೊಂಡು ಓಣಿಯ ಹುಡುಗರು ಬಂದರೂ ಬಣ್ಣದ ಕಟ್ಟಿಗೆ ಕೊಡಬೇಡಿ. ಬೆಂಕಿಯ ಸುತ್ತ ನಿಲ್ಲುವವರು ಅವರೇ. ಕಟ್ಟಿಗೆ ಅಡ್ಡೆಗೆ ಮಾರುವುದಾದರೆ ಸೀಸದ ಬಣ್ಣ ಇದೆ ಅಂತ ಹೇಳಿ ಮಾರಿ. ಬಣ್ಣದ ಚೂರು, ಬಟ್ಟೆ, ಪೇಪರ್ ಇರುವ ಚೀಲದ ಮೇಲೆ "ಸೀಸದ ಬಣ್ಣ" ಅಂತ ಬರೆದು, ಹಸಿ-ಒಣ ಕಸದ ಜೊತೆ ಸೇರಿಸದೆ ಪಾಲಿಕೆಯವರಿಗೆ ಅಪಾಯಕಾರಿ ಕಸ ಅಂತ ಹೇಳಿಯೇ ಕೊಡಿ.

ಹೊರಗೋಡೆ, ಕಿಟಕಿಯ ಕೆಳಗಿನ ಮಣ್ಣಿನಲ್ಲಿ ಬಣ್ಣ ಉದುರಿದ್ದರೆ ಅಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯಬೇಡಿ. ಫರಸಿ ಹಾಸಿ ಮುಚ್ಚಿ.

9. ಮಗುವಿನ ರಕ್ತ ಪರೀಕ್ಷೆ

ಸೀಸ ಏರಿದ ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಕಂಡರೂ ಹೊಟ್ಟೆನೋವು, ಮಲಬದ್ಧತೆ, ಊಟ ಸೇರದಿರುವುದು, ಕಿರಿಕಿರಿ, ರಕ್ತ ಕಡಿಮೆ, ಹೀಗೆ ಬೇರೆ ನೂರು ಕಾರಣಕ್ಕೂ ಬರುವಂಥವೇ. ಹಾಗಾಗಿ ಮನೆಯಲ್ಲಿ ತಿಕ್ಕಿದ ಧೂಳು ಎದ್ದಿದ್ದರೆ ಲಕ್ಷಣಕ್ಕೆ ಕಾಯದೆ ಮಕ್ಕಳ ಡಾಕ್ಟರ್‌ಗೆ ಹೇಳಿ "ರಕ್ತದಲ್ಲಿ ಸೀಸ" ನೋಡುವ ಪರೀಕ್ಷೆ ಬರೆಸಿಕೊಳ್ಳಿ. ಮಾಮೂಲು ರಕ್ತ ಪರೀಕ್ಷೆಯಲ್ಲಿ ಅದು ಬರುವುದಿಲ್ಲ, ಹೆಸರು ಹೇಳಿಯೇ ಕೇಳಬೇಕು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಧೂಳು ಸೇರಿ ಅಂಕಿ ಹೆಚ್ಚಾಗಬಹುದು. ಜಾಸ್ತಿ ಬಂದರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಖಚಿತ ಮಾಡಿಕೊಳ್ಳಿ.

ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಜಾಸ್ತಿ ಬಂದರೆ, ಸೀಸ ಎಲ್ಲಿಂದ ಬರುತ್ತಿದೆ ಹುಡುಕಿ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮೊದಲ ಔಷಧ ಅದೇ. ಸೀಸ ಹೊರಹಾಕುವ ಚುಚ್ಚುಮದ್ದು, ಮಾತ್ರೆಗಳು ಇವೆ. ಸಾಮಾನ್ಯವಾಗಿ 45 ದಾಟಿದಾಗ ಆಸ್ಪತ್ರೆಯಲ್ಲಿ ಕೊಡುತ್ತಾರೆ. "ದೇಹ ಶುದ್ಧಿ ಪುಡಿ" ಮಾರುವವರ ಹತ್ತಿರ ಹೋಗಬೇಡಿ. ಕಬ್ಬಿಣದ ಅಂಶ, ಕ್ಯಾಲ್ಸಿಯಂ ಕಡಿಮೆ ಇರುವ ಮಗು ಸೀಸವನ್ನು ಜಾಸ್ತಿ ಹೀರುತ್ತದೆ. ಹಾಲು, ಮೊಸರು, ರಾಗಿ, ಸೊಪ್ಪು, ಕಾಳು ಸರಿಯಾಗಿ ಕೊಡಿ. ಬಣ್ಣದ ಜೊತೆ ಬಿಡಿ ಅರಿಷಿಣ ಪುಡಿ, ಕಣ್ಣಿಗೆ ಹಚ್ಚುವ ಸುರ್ಮಾ, ಹಳೆ ಬ್ಯಾಟರಿ ಒಡೆಯುವ ಜಾಗ ಇವನ್ನೂ ಅನುಮಾನದಿಂದ ನೋಡಿ.

10. ಹಳೆ ಮನೆ ಕೊಳ್ಳುವವರಿಗೆ

ಉತಾರ, ಇ.ಸಿ. ನೋಡುವಷ್ಟೇ ಗಮನವಿಟ್ಟು ಬಾಗಿಲಿನ ಅಂಚು ನೋಡಿ. ಮಾರುವ ಮೊದಲು ಘಮ್ಮೆನ್ನುವ ಹೊಸ ಬಣ್ಣ ಹೊಡೆಸಿದ್ದರೆ ಮೋಸ ಅಂತಲ್ಲ, ಆದರೆ ಒಳಪದರ ಕಾಣುವ ಜಾಗ ಹುಡುಕಿ. ಕಪಾಟಿನ ಒಳಗೆ, ಬಿಜಾಗರಿಯ ಹಿಂದೆ, ಅಟ್ಟದ ಬಾಗಿಲಿಗೆ ಯಾರೂ ಹೊಸ ಬಣ್ಣ ಹೊಡೆಯುವುದಿಲ್ಲ.

ಅಮೆರಿಕದಲ್ಲಿ 1978ಕ್ಕಿಂತ ಹಳೆ ಮನೆ ಕೊಳ್ಳುವವರಿಗೆ ಸೀಸದ ಪರೀಕ್ಷೆಗೆ ಹತ್ತು ದಿನ ಕೊಡಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಅಂಥದು ಇಲ್ಲ, ನೀವೇ ಬರೆಸಿಕೊಳ್ಳಬೇಕು. ಸಂಚಕಾರ ಕೊಡುವಾಗ ಕರಾರಿನಲ್ಲಿ ಹೀಗೊಂದು ಸಾಲು ಸೇರಿಸಿ: "ಖರೀದಿದಾರರು 15 ದಿನದೊಳಗೆ ಬಣ್ಣದ ಮಾದರಿ ತೆಗೆದು ಪರೀಕ್ಷೆ ಮಾಡಿಸಬಹುದು. ಸೀಸ ಕಂಡುಬಂದರೆ ಸರಿಪಡಿಸುವ ಖರ್ಚನ್ನು ಇಬ್ಬರೂ ಮಾತಾಡಿ ಬೆಲೆಯಲ್ಲಿ ಹೊಂದಿಸಿಕೊಳ್ಳಬೇಕು." ವಕೀಲರಿಗೆ ತೋರಿಸಿ ಮಾತು ತಿದ್ದಿಸಿ. ಗೃಹಪ್ರವೇಶದ ಮುಹೂರ್ತವನ್ನು ವರದಿ ಬಂದ ಮೇಲೆ ಇಡಿಸಿ. ಮುಹೂರ್ತ ಮೊದಲೇ ಗೊತ್ತಾದರೆ ಅವಸರದಲ್ಲಿ ಒಣದಾಗಿ ತಿಕ್ಕಿಸುವುದು ಗ್ಯಾರಂಟಿ. ಹಳೆ ಮನೆ ಕೆಡವಿದ ಕಂಬ, ಬಾಗಿಲು ಕೊಂಡು ಹೊಸ ಮನೆಗೆ ಕೂಡಿಸುವವರಿಗೂ ಇದೇ ಮಾತು.

11. ಮಾರುವವರಿಗೆ

"ಹೇಳಿದರೆ ರೇಟು ಬೀಳುತ್ತದೆ" ಅನ್ನುವ ಭಯ ನಿಜ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಏನು ಹೇಳುತ್ತದೆ ನೋಡಿ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷ ಆಸ್ತಿಯಲ್ಲಿದ್ದರೆ ಅದನ್ನು ಹೇಳಲೇಬೇಕು. ಸೀಸ ಕಣ್ಣಿಗೆ ಕಾಣುವುದಿಲ್ಲ. ಲ್ಯಾಬ್ ವರದಿ ನಿಮ್ಮ ಕೈಯಲ್ಲಿದ್ದು ಸುಮ್ಮನಿದ್ದರೆ ನಾಳೆ ತಕರಾರು ನಿಮ್ಮ ಮೇಲೆಯೇ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಆ ಮನೆಗೆ ಬರುವವರ ಮನೆಯಲ್ಲೂ ಕೂಸು ಇರುತ್ತದೆ. ಬಾಡಿಗೆಗೆ ಕೊಡುವವರೂ ಹೀಗೇ ಯೋಚಿಸಲಿ.

ಒಂದು ಲಕೋಟೆ ಮಾಡಿಡಿ. ಅದರಲ್ಲಿ ಲ್ಯಾಬ್ ವರದಿ, ಎಲ್ಲಿಂದ ಮಾದರಿ ತೆಗೆದಿರಿ ಅನ್ನುವ ಪಟ್ಟಿ, ಕೆಲಸದ ಮೊದಲಿನ ಮತ್ತು ನಂತರದ ಫೋಟೋ, ಹಚ್ಚಿದ ಹೊಸ ಬಣ್ಣದ ಬಿಲ್ಲು ಇರಲಿ. ಯಾವ ತಗಡಿನ ಕೆಳಗೆ, ಯಾವ ಟೈಲ್ಸ್‌ನ ಹಿಂದೆ ಹಳೆ ಬಣ್ಣ ಹಾಗೇ ಉಳಿದಿದೆ ಅಂತ ನಿಮ್ಮ ಕೈಯಲ್ಲೇ ಬರೆದ ಒಂದು ಚೀಟಿಯನ್ನೂ ಸೇರಿಸಿ. ಖರೀದಿ ಪತ್ರದ ದಿನ ಕೀಲಿಕೈ ಜೊತೆ ಆ ಲಕೋಟೆಯನ್ನೂ ಕೊಡಿ, ತಲುಪಿದ್ದಕ್ಕೆ ಸಹಿ ತೆಗೆದುಕೊಳ್ಳಿ.